ಕ್ಯಾಪಿನ ಮೇಲಿನ ಸುಣ್ಣ

ಸ್ಕೂಟರಿನ ಬದಿಯ ಮುಚ್ಚಳ ಬಿಚ್ಚಿ ಪರಿಮಳಾ ಬಗ್ಗಿ ನೋಡಿದಳು. ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಕ್ಯಾಪ್ ಕಳಚಿ ಜೋತಾಡುತ್ತಿತ್ತು, ಮೊಬೈಲ್ ವಿಡಿಯೊದಲ್ಲಿ ತೋರಿಸಿದ ಹಾಗೆಯೇ. ಒತ್ತಿ ಕೂರಿಸಿದರೆ ಗಾಡಿ ಹೊರಡುತ್ತದೆ. ಇವತ್ತೂ ಬಾರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದಿದ್ದರು ಅವಳು ಕೆಲಸಕ್ಕೆ ಹೋಗುವ ಸಿದ್ದಾಪುರದ ಔಷಧಿ ಅಂಗಡಿಯವರು.

ಕಪ್ಪು ರಬ್ಬರಿನ ಮೇಲೆ ಹೆಬ್ಬೆರಳಗಲದ ಬಿಳಿ ಗುರುತಿತ್ತು. ಉಗುರಿನಿಂದ ಕೆರೆದು ನೋಡಿದಳು. ಸುಣ್ಣ. ಮನೆಯಲ್ಲಿ ಎಲೆ-ಅಡಿಕೆಯ ಕವಳ ಹಾಕುವವನು ಗಂಡ ಪ್ರಸನ್ನ ಒಬ್ಬನೇ. ಮೂರು ದಿನದಿಂದ ಗಾಡಿಯ ಮುಂದೆ ಕೂತು, "ಇದು ದೊಡ್ಡ ರಿಪೇರಿ, ಕೆಲಸ ಬಿಟ್ಟು ಆರಾಮ ಇರು" ಎನ್ನುತ್ತಿದ್ದವನೂ ಅವನೇ.

"ಎಂತಾರು ಗೊತ್ತಾತನೇ?" ಎಲೆಗೆ ಸುಣ್ಣ ಸವರುತ್ತ ಜಗುಲಿಯಿಂದ ಕೇಳಿದ ಪ್ರಸನ್ನ.

"ಇಲ್ಲೆ," ಎಂದಳು. ವೇಲಿನ ತುದಿಯಿಂದ ಆ ಗುರುತನ್ನು ಪೂರ್ತಿ ಒರೆಸಿ, ಕೆಲಸ ಹೋದರೂ ಹೋಗಲಿ, ತನಗೆ ಗೊತ್ತಾಗಿದ್ದು ಅವನಿಗೆ ತಿಳಿಯುವುದು ಬೇಡ ಎಂದುಕೊಂಡು ಕ್ಯಾಪನ್ನು ಹೇಗಿತ್ತೋ ಹಾಗೆಯೇ ಜೋತಾಡಲು ಬಿಟ್ಟಳು.