ಊಹೆ ಸರಿಯಾಗೇ ಇತ್ತು

"ಅಣ್ಣಾ, ಶೇರು ಏರ್ತು!" ತಂಗಿ ಮೊಬೈಲು ಹಿಡಿದು ಕುಣಿದಳು. ಅವಳ ನರ್ಸಿಂಗ್ ಫೀಸಿಗೆಂದು ಕೂಡಿಟ್ಟಿದ್ದನ್ನೆಲ್ಲ ಅಣ್ಣ ನಿನ್ನೆ, ಕಂಪನಿಯ ಲಾಭ-ನಷ್ಟದ ಫಲಿತಾಂಶಕ್ಕೆ ಮುಂಚೆ, ಆ ಶೇರಿನ ಆಪ್ಷನ್‌ಗೆ, ಅಂದರೆ ಶೇರು ಏರುತ್ತದೆಂದು ಕಟ್ಟುವ ಪಣಕ್ಕೆ, ಹಾಕಿದ್ದ. "ಮತ್ಯಾಕೆ ಹರಳೆಣ್ಣೆ ಕುಡಿದೋರ ಹಾಗೆ ಕೂತಿದ್ದೀಯ?"

ಅವನು ಉಗುರು ಕಚ್ಚುತ್ತಿದ್ದ. "ಏರಿದ್ದು ಸ್ವಲ್ಪ, ಪುಟ್ಟಿ. ಫಲಿತಾಂಶ ಏನಾಗುತ್ತೋ ಅನ್ನೋ ಆತಂಕಕ್ಕೇ ನಿನ್ನೆ ಆಪ್ಷನ್ ಬೆಲೆ ದುಪ್ಪಟ್ಟಾಗಿತ್ತು, ಆ ಬೆಲೆಗೇ ಕೊಂಡಿದ್ದೆ. ಇವತ್ತು ಆತಂಕ ಮುಗೀತು, ಬೆಲೆ ಕುಸೀತು. ಮುಕ್ಕಾಲು ಪಾಲು ಹೋಯ್ತು." ಅವನು ಮತ್ತೆ ಉಗುರು ಕಚ್ಚಿದ. "ನನ್ನ ಊಹೆ ಸರಿಯಾಗೇ ಇತ್ತಲ್ಲೇ!"

ಫೀಸು ಕಟ್ಟಲು ನಾಳೆಯೇ ಕೊನೆಯ ದಿನ. ತಂಗಿ, ರಕ್ತ ಒಸರುತ್ತಿದ್ದ ಅವನ ಬೆರಳನ್ನು ಬಾಯಿಂದ ಮೆಲ್ಲಗೆ ಬಿಡಿಸಿ, ತನ್ನ ಅಂಗೈಯಲ್ಲಿ ಹಿಡಿದುಕೊಂಡಳು.

ಹಾಸಿಗೆ ಹಿಡಿದಿದ್ದ ಅಮ್ಮ ಒಳಗಿನಿಂದ ಕೂಗಿದಳು: "ಏರ್ತೇನೇ?"

"ಏರ್ತಮ್ಮಾ," ಎಂದಳು ತಂಗಿ, ಅಳು ಕೇಳಿಸದಷ್ಟು ಜೋರಾಗಿ.