ಬೆನ್ನ ಹಿಂದಿನ ಕೈ

ನುಸೈಬಾ ಮಗುವನ್ನು ಮುಂದೆ ಚಾಚಿದಳು. ಅವಳ ಮಾವ ಮೂಸಬ್ಬ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆ ತಾಗುವವರೆಗೆ ಹಿಂದೆ ಸರಿದ.

"ಇವತ್ತೂ ಇಲ್ವಾ? ರಂಜಾನಿನಲ್ಲಿ ಪಕ್ಕದ ಸಾಲಿಹಾಳ ಮಗನನ್ನು ಹೆಗಲಿಂದ ಇಳಿಸಿದವರಲ್ಲ ನೀವು. ಅವನು ಗಂಡು, ಇವಳು ಹೆಣ್ಣು. ಅಷ್ಟೇ ಅಲ್ವಾ ಮಾವ?" ಮಗು ಹುಟ್ಟಿದಂದಿನಿಂದ ಅವಳ ಗಂಟಲಲ್ಲಿ ಕೂತಿದ್ದ ಮಾತು ಅದು. ಮುದುಕ ಕೆಲಸದಿಂದ ಬಂದವನೇ ಬಾತ್ರೂಮಿಗೆ ನುಗ್ಗಿ ಚಿಲಕ ಹಾಕುತ್ತಿದ್ದ. ತನ್ನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ತಾನೇ ಒಗೆಯುತ್ತಿದ್ದ. ತೊಟ್ಟಿಲನ್ನು ಮಾತ್ರ ಬಾಗಿಲಲ್ಲೇ ನಿಂತು ನೋಡುತ್ತಿದ್ದ.

"ಆಗ ಈ ಕೆಲಸ ಇರಲಿಲ್ಲ ಮಗಳೇ." ಮೂಸಬ್ಬ ಒಂದು ಕೈಯನ್ನು ದೂರದಿಂದಲೇ ತೋರಿಸಿದ. ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಕೂತಿತ್ತು. "ಅಲ್ ಮುಂತಜಾ ಬಡಾವಣೆಯಲ್ಲಿ ಒಂದು ಹಳೇ ಮನೆ. ಅದರ ಮಾಡಿಗೆ ಹೊದಿಸಿದ ಸೀಸದ ತಗಡು ಬಿಸಿಲಿಗೆ ಸೀಳು ಬಿಟ್ಟಿದೆ. ಅದನ್ನು ಕೆರೆದು ಬೆಸುಗೆ ಹಾಕ್ತಿದ್ದೇನೆ. ಈ ಪುಡಿ ಎಳೆಮಕ್ಕಳಿಗೆ ವಿಷ. ಎಷ್ಟು ತೊಳೆದರೂ ನನಗೆ ನಂಬಿಕೆ ಬರೋದಿಲ್ಲ. ನಿನ್ನ ಗಂಡನಿಗೆ ಹೇಳಬೇಡ. ಗೊತ್ತಾದರೆ ಖಲಾಸ್, ಕೆಲಸ ಬಿಡಿಸಿ ದೋಹಾದಿಂದ ಮಂಗಳೂರಿನ ವಿಮಾನ ಹತ್ತಿಸ್ತಾನೆ. ಆಮೇಲೆ ಇವಳನ್ನು ಬಾಗಿಲಿಂದ ನೋಡೋದೂ ಇಲ್ಲ."

ನುಸೈಬಾ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಮೊಣಕೈವರೆಗೆ ಎಳೆದುಕೊಂಡು, ಸೋಪು ಮತ್ತು ಬ್ರಷ್ ಹಿಡಿದು ಬಂದಳು.

"ಎಲ್ಲಿ, ಎರಡೂ ಕೈ ತನ್ನಿ. ತೊಳೆದದ್ದು ಸಾಕೋ ಇಲ್ವೋ ನಾನು ಹೇಳ್ತೇನೆ."