ಅರೆತೆರೆದ ರೆಪ್ಪೆ

ಬೆಳಗ್ಗೆ ಎದ್ದರೆ ಕಣ್ಣಿಗೆ ಮರಳು ಬಿದ್ದಂಥ ಉರಿ. ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರಿಂದ ಆಕೆಯನ್ನು ಆಸ್ಪತ್ರೆಗೆ ಕರೆತಂದವನು ಗಂಡನ ಅಣ್ಣ. ಅವನೀಗ ಪರದೆಯಾಚೆ ಬೆಂಚಿನ ಮೇಲೆ ಕುಳಿತಿದ್ದ.

ಡಾಕ್ಟರಮ್ಮ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ನೋಡಿದರು. "ಕಣ್ಣೀರೇನೋ ಚೆನ್ನಾಗಿ ಬರ್ತಿದೆ." ಆಮೇಲೆ ಹಳದಿ ಬಣ್ಣ ಮುಟ್ಟಿಸಿ ನೀಲಿ ಬೆಳಕು ಬಿಟ್ಟರು. "ಕೆಳಗಡೆ ಮಾತ್ರ ಒಣಗಿದೆ. ನಿದ್ದೆ ಹೇಗಮ್ಮ?"

"ಕೆಟ್ಟ ಕನಸು ಬೀಳುತ್ತೆ."

ಎಂಥ ಕನಸೆಂದು ಹೇಳಲು ಬಾಯಿ ಬರಲಿಲ್ಲ. ಮಂಚದ ಪಕ್ಕ ಭಾವ ನಿಂತು ತನ್ನನ್ನೇ ನೋಡುತ್ತಿರುವ ಕನಸು. ತನ್ನ ಮನಸ್ಸೇ ಕೆಟ್ಟದ್ದೆಂದು ಬಗೆದು ಶನಿವಾರದ ಉಪವಾಸ ಹಿಡಿದಿದ್ದಳು, ತಾಯತವನ್ನೂ ಕಟ್ಟಿಸಿಕೊಂಡಿದ್ದಳು.

"ಕಣ್ಣು ಅರ್ಧ ತೆರ್ಕೊಂಡೇ ಮಲಗೋರಿಗೆ ಹೀಗಾಗುತ್ತೆ," ಎಂದರು ಡಾಕ್ಟರಮ್ಮ. "ಮಲಗಿದೋರಿಗೆ ಅದು ಗೊತ್ತಾಗಲ್ಲ, ನೋಡಿದೋರೇ ಹೇಳ್ಬೇಕು. ನಿಮ್ಮ ಯಜಮಾನರು ಯಾವತ್ತೂ ಹೇಳಿಲ್ವಾ?"

"ಅವರಿಗೆ ರಾತ್ರಿಯೆಲ್ಲ ಡ್ಯೂಟಿ. ಚಿಲಕ ಇಲ್ಲದ ಕೋಣೇಲಿ ನಾನೊಬ್ಬಳೇ ಮಲಗೋದು."

ಪರದೆಯಾಚೆಯಿಂದ ಭಾವನ ದನಿ ಬಂತು.

"ನೀವು ಹೇಳಿದ್ದು ನಿಜ ಡಾಕ್ಟ್ರೇ. ಅವಳು ಕಣ್ಣು ಪೂರ್ತಿ ಮುಚ್ಚೋದೇ ಇಲ್ಲ."